ಗಿರಾಕಿಯ ಪ್ರಶ್ನೆಗೆ ಫೋಟೊ ಉತ್ತರ ಕೊಡಲಿ: ಮೈಸೂರು, ಮಂಡ್ಯದ ಸಣ್ಣ ವ್ಯಾಪಾರಿಗಳಿಗೊಂದು ಮಾರ್ಗದರ್ಶಿ

ಮೈಸೂರಿನ ಒಂದು ಮನೆಯಲ್ಲಿ ಯಾರೋ ರಾತ್ರಿ ಊಟ ಮುಗಿಸಿ ಫೋನಿನಲ್ಲಿ ‘ಮಂಡ್ಯ ಬೆಲ್ಲ’ ಅಂತ ಹುಡುಕುತ್ತಿದ್ದಾರೆ ಅಂದುಕೊಳ್ಳಿ. ಹತ್ತಾರು ಫೋಟೊ ಕಾಣಿಸುತ್ತವೆ. ಎಲ್ಲದರಲ್ಲೂ ಬೆಲ್ಲ ಹೊಳೆಯುತ್ತಿದೆ, ಪಕ್ಕದಲ್ಲಿ ಒಂದು ಕಬ್ಬಿನ ತುಂಡು, ಮೇಲೆ ‘ಶುದ್ಧ, ಸಾವಯವ’ ಅಂತ ಬಣ್ಣಬಣ್ಣದ ಅಕ್ಷರ. ಅವರಿಗೆ ಬೇಕಿರುವ ವಿಷಯ ಬೇರೆ. ಬೆಲ್ಲದ ನಿಜವಾದ ಬಣ್ಣ ಯಾವುದು? ಬೆಳ್ಳಗೆ ಮಾಡೋಕೆ ಏನಾದರೂ ಹಾಕಿದ್ದಾರಾ? ಒಂದು ಅಚ್ಚು ಎಷ್ಟು ತೂಗುತ್ತದೆ? ಮನೆಗೆ ಕಳಿಸುತ್ತಾರಾ, ನಾವೇ ಹೋಗಬೇಕಾ? ಈ ಪ್ರಶ್ನೆಗಳಿಗೆ ಯಾರ ಫೋಟೊದಲ್ಲಿ ಉತ್ತರ ಸಿಗುತ್ತದೋ ಅವರಿಗೇ ಫೋನ್ ಹೋಗುತ್ತದೆ.

ಚಿಕ್ಕ ಅಂಗಡಿ, ಮೆಸ್, ಟೈಲರ್ ಅಂಗಡಿ, ಆಲೆಮನೆ ನಡೆಸುವವರು ಫೋಟೊ ಅಂದರೆ ಚಂದ ಕಾಣಬೇಕು ಅಂತಲೇ ಯೋಚಿಸುತ್ತಾರೆ. ಚಂದ ಇದ್ದರೆ ಒಳ್ಳೆಯದೇ. ಆದರೆ ಗಿರಾಕಿ ಕಾಸು ಬಿಚ್ಚುವುದು ಮನಸ್ಸಿನ ಅನುಮಾನ ಹೋದ ಮೇಲೆ. ಆ ಅನುಮಾನ ತೆಗೆಯುವ ಕೆಲಸವನ್ನು ಫೋಟೊಗೆ ಹೇಗೆ ಕೊಡಬೇಕು ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ. ದುಬಾರಿ ಕ್ಯಾಮೆರಾ ಬೇಡ. ನಿಮ್ಮ ಕೈಯಲ್ಲಿರುವ ಫೋನ್, ಒಂದು ಕಿಟಕಿ, ಒಂದು ಬಿಳಿ ಥರ್ಮಕೋಲ್ ಹಾಳೆ, ಲೆನ್ಸ್ ಒರೆಸಲು ಒಂದು ಮೆತ್ತನೆ ಬಟ್ಟೆ. ಇಷ್ಟು ಸಾಕು.

ಮೊದಲು ಒಂದು ನೋಟ್‌ಬುಕ್

ಗಲ್ಲಾಪೆಟ್ಟಿಗೆಯ ಪಕ್ಕ ಚಿಕ್ಕ ನೋಟ್‌ಬುಕ್ ಇಡಿ. ಒಂದು ವಾರ ಗಿರಾಕಿಗಳು ಏನೇನು ಕೇಳುತ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಅಂಗಡಿ ಮುಂದೆ ನಿಂತು ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದು, ಎಲ್ಲವೂ ಇರಲಿ.

ಬ್ಲೌಸ್ ಹೊಲಿಯುವವರ ಹತ್ತಿರ ‘ಲೈನಿಂಗ್ ನೀವೇ ಹಾಕ್ತೀರಾ?’, ‘ಒಳಗೆ ಎಷ್ಟು ಬಟ್ಟೆ ಬಿಡ್ತೀರಾ, ಆಮೇಲೆ ಬಿಚ್ಚಿ ದೊಡ್ಡದು ಮಾಡಬಹುದಾ?’ ಅಂತ ಕೇಳುತ್ತಾರೆ. ಮೆಸ್ ನಡೆಸುವವರ ಹತ್ತಿರ ‘ಮುದ್ದೆ ಊಟ ಎಷ್ಟು ಗಂಟೆಗೆ ಶುರು?’, ‘ಫ್ಯಾಮಿಲಿ ಜೊತೆ ಕೂರೋಕೆ ಜಾಗ ಇದ್ಯಾ?’ ಅನ್ನುತ್ತಾರೆ. ಬೀಟೆ ಮರದ ಇನ್‌ಲೇ ಕೆಲಸ ಮಾರುವವರಿಗೆ ಸದಾ ಬರುವ ಪ್ರಶ್ನೆ ಒಂದೇ: ‘ಈ ಆನೆ, ಈ ಮರ, ಇದೆಲ್ಲ ಪೇಂಟಾ, ಕೂರಿಸಿದ್ದಾ?’

ಈಗ ಒಂದೊಂದು ಪ್ರಶ್ನೆಗೂ ಒಂದು ಫೋಟೊ ಅಥವಾ ವಿಡಿಯೊ ಯೋಚಿಸಿ. ಲೈನಿಂಗ್ ಪ್ರಶ್ನೆಗೆ ಬ್ಲೌಸನ್ನು ಒಳಗು ಹೊರಗು ಮಾಡಿ ತೆಗೆದ ಫೋಟೊ. ಹೊಲಿಗೆ, ಒಳಗೆ ಬಿಟ್ಟ ಬಟ್ಟೆ ಎರಡೂ ಕಾಣಬೇಕು. ಮೆಸ್‌ಗೆ ಮಧ್ಯಾಹ್ನ ಟೇಬಲ್ ಖಾಲಿ ಇರುವಾಗ ಒಂದು, ಜನ ತುಂಬಿದಾಗ ಒಂದು. ಇನ್‌ಲೇ ಪ್ರಶ್ನೆಗೆ ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಬೀಟೆ ಹಲಗೆಯಲ್ಲಿ ಕೊರೆದ ಜಾಗಕ್ಕೆ ಕೂರಿಸುವ ಕೈಯ ವಿಡಿಯೊ. ಇಪ್ಪತ್ತು ಸೆಕೆಂಡ್ ಸಾಕು. ಅದನ್ನು ನೋಡಿದವರು ಮತ್ತೆ ‘ಪೇಂಟಾ?’ ಅಂತ ಕೇಳುವುದಿಲ್ಲ. ಬೆಲೆ ಯಾಕೆ ಜಾಸ್ತಿ ಅನ್ನುವುದೂ ಅವರಿಗೆ ಅರ್ಥವಾಗಿರುತ್ತದೆ.

ಅಳತೆ ತೋರಿಸುವುದನ್ನು ಬಹಳ ಜನ ಮರೆಯುತ್ತಾರೆ. ಫೋಟೊದಲ್ಲಿ ಒಂದೇ ವಸ್ತು ಇದ್ದರೆ ಅದು ಅಂಗೈಯಷ್ಟಿದೆಯೋ ತಟ್ಟೆಯಷ್ಟಿದೆಯೋ ತಿಳಿಯುವುದಿಲ್ಲ. ಕೈಯಲ್ಲಿ ಹಿಡಿದು ಒಂದು ಫೋಟೊ ತೆಗೆಯಿರಿ. ತೂಕದ ಸಾಮಾನಾದರೆ ತಕ್ಕಡಿ ಮೇಲಿಟ್ಟು ಅಂಕಿ ಕಾಣುವಂತೆ ಇನ್ನೊಂದು.

ಗೂಗಲ್ ಮ್ಯಾಪ್‌ನಲ್ಲಿ ನಿಮ್ಮ ಬಾಗಿಲು

ಇನ್‌ಸ್ಟಾಗ್ರಾಮ್‌ಗೆ ಹಾರುವ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿ. ಇದು ಉಚಿತ. ಮ್ಯಾಪ್‌ನಲ್ಲಿ ನಿಮ್ಮ ಅಂಗಡಿಯ ಹೆಸರು, ಸಮಯ, ಫೋನ್ ನಂಬರ್, ಫೋಟೊ ಕಾಣುವುದು ಇದರಿಂದಲೇ. ‘ಹತ್ತಿರದಲ್ಲಿ ಟೈಲರ್’ ಅಂತ ಹುಡುಕುವವರು ಆಗಲೇ ಕೆಲಸ ಕೊಡಲು ತಯಾರಾಗಿರುವವರು. ಸುಮ್ನೆ ರೀಲ್ಸ್ ನೋಡುತ್ತಾ ಕೂತವರಿಗಿಂತ ಇವರು ನಿಮಗೆ ಮುಖ್ಯ. ಅಂಗಡಿ ನಿಮ್ಮದೇ ಅಂತ ಖಾತ್ರಿ ಮಾಡಿಕೊಳ್ಳಲು ಗೂಗಲ್ ಹಲವು ಸಲ ವಿಡಿಯೊ ಕೇಳುತ್ತದೆ. ಬೀದಿ, ಬೋರ್ಡ್, ಒಳಗಿನ ಸಾಮಾನು, ನೀವೇ ಬೀಗ ತೆಗೆಯುವುದು ಅಥವಾ ಗಲ್ಲಾಪೆಟ್ಟಿಗೆ ತೆರೆಯುವುದು, ಇವೆಲ್ಲ ಒಂದೇ ಓಟದಲ್ಲಿ ಬರುವಂತೆ ತೆಗೆದರೆ ಕೆಲಸ ಸುಲಭ.

ಇಲ್ಲಿ ಹಾಕುವ ಮೊದಲ ಫೋಟೊ ನಿಮ್ಮ ಬಾಗಿಲಿನದ್ದಾಗಲಿ. ರಸ್ತೆಯ ಆಚೆ ಬದಿಗೆ ಹೋಗಿ ನಿಂತು ತೆಗೆಯಿರಿ. ಬೋರ್ಡ್ ಪೂರ್ತಿ ಕಾಣಬೇಕು. ಪಕ್ಕದ ಗುರುತೂ ಕಾಣಬೇಕು: ಮೆಡಿಕಲ್ ಸ್ಟೋರ್, ದೇವಸ್ಥಾನ, ಬಸ್ ಸ್ಟಾಪ್, ಏನಿದೆಯೋ ಅದು. ಹಗಲಿನಲ್ಲಿ ಒಂದು, ದೀಪ ಹಾಕಿದ ಮೇಲೆ ಒಂದು. ಮೈಸೂರಿನ ಬಹಳ ಅಂಗಡಿಗಳು ಪ್ರೊಫೈಲ್ ಫೋಟೊಗೆ ದೀಪಾಲಂಕಾರದ ಅರಮನೆ ಹಾಕಿಕೊಂಡಿವೆ. ಅರಮನೆ ನಮಗೆಲ್ಲ ಪ್ರೀತಿಯದ್ದೇ. ಆದರೆ ನಿಮ್ಮ ಅಂಗಡಿ ಹುಡುಕುತ್ತಾ ಬಂದವರಿಗೆ ಅದರಿಂದ ಏನೂ ಉಪಯೋಗವಿಲ್ಲ. ಅವರಿಗೆ ಬೇಕಿರುವುದು ನಿಮ್ಮ ಶಟರ್‌ನ ಬಣ್ಣ.

ಇದರ ಜೊತೆಗೆ ಒಂದು ದಾರಿ ವಿಡಿಯೊ ಮಾಡಿ. ಸಣ್ಣ ವ್ಯಾಪಾರಕ್ಕೆ ಇದರಷ್ಟು ಉಪಕಾರ ಮಾಡುವ ವಿಡಿಯೊ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಕುವೆಂಪುನಗರ, ವಿಜಯನಗರದಂಥ ಬಡಾವಣೆಗಳಲ್ಲಿ ಮೇನ್, ಕ್ರಾಸ್ ನಂಬರ್ ಹಿಡಿದು ಹೋದವರು ಸುತ್ತಾಡಿ ಸುತ್ತಾಡಿ ವಾಪಸ್ ಹೋಗುತ್ತಾರೆ. ಎಲ್ಲರಿಗೂ ಗೊತ್ತಿರುವ ಒಂದು ಸರ್ಕಲ್ ಅಥವಾ ಬಸ್ ಸ್ಟಾಪಿನಿಂದ ನಡೆಯಲು ಶುರು ಮಾಡಿ. ಪ್ರತಿ ತಿರುವಿನಲ್ಲಿ ಎರಡು ಸೆಕೆಂಡ್ ನಿಂತು ಗುರುತು ತೋರಿಸಿ. ಕೊನೆಗೆ ಬಾಗಿಲು, ಆಮೇಲೆ ಗಾಡಿ ನಿಲ್ಲಿಸುವ ಜಾಗ. ಗೂಗಲ್ ಪ್ರೊಫೈಲ್‌ನಲ್ಲಿ ವಿಡಿಯೊ 30 ಸೆಕೆಂಡ್, 75 ಎಂಬಿ ದಾಟುವ ಹಾಗಿಲ್ಲ. ಆದ್ದರಿಂದ ಮಧ್ಯದ ನಡಿಗೆ ಕತ್ತರಿಸಿ ತಿರುವುಗಳನ್ನು ಮಾತ್ರ ಉಳಿಸಿಕೊಳ್ಳಿ.

ಹಳೆಯ ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಟೆಲ್, ಎಳನೀರು, ತಿಂಡಿ ಅಂಗಡಿ ಇಟ್ಟವರಿಗಂತೂ ಇದು ತೀರಾ ಅಗತ್ಯ. 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲೆ ಗಾಡಿಗಳು ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣದ ಒಳಗೆ ಬರದೆ ಬೈಪಾಸ್‌ನಲ್ಲೇ ಹೋಗುತ್ತವೆ. ಮೊದಲು ಕಣ್ಣಿಗೆ ಬಿದ್ದು ನಿಲ್ಲಿಸುತ್ತಿದ್ದವರಿಗೆ ಈಗ ನೀವು ಕಾಣುವುದೇ ಇಲ್ಲ. ಎಲ್ಲಿ ಕೆಳಗಿಳಿಯಬೇಕು, ಸರ್ವಿಸ್ ರಸ್ತೆಯಲ್ಲಿ ಎಷ್ಟು ದೂರ, ಊಟ ಮಾಡಿ ಮತ್ತೆ ಮೇಲೆ ಹತ್ತುವುದು ಎಲ್ಲಿ ಅಂತ ಒಂದು ವಿಡಿಯೊದಲ್ಲಿ ತೋರಿಸಿ. ಹಸಿದವರಿಗೆ ದಾರಿ ಸುಲಭ ಅಂತ ಗೊತ್ತಾದರೆ ಐದು ನಿಮಿಷ ಜಾಸ್ತಿ ಹೋದರೂ ಬರುತ್ತಾರೆ. ವಿಡಿಯೊವನ್ನು ಗಾಡಿ ಓಡಿಸುತ್ತಾ ತೆಗೆಯಬೇಡಿ. ಪಕ್ಕದಲ್ಲಿ ಕೂತವರ ಕೈಗೆ ಫೋನ್ ಕೊಡಿ.

ಗೂಗಲ್‌ಗೆ ಹಾಕುವ ಫೋಟೊ ಜೆಪಿಜಿ ಅಥವಾ ಪಿಎನ್‌ಜಿ ಆಗಿರಬೇಕು, 5 ಎಂಬಿ ಒಳಗಿರಬೇಕು, ಕಡಿಮೆ ಅಂದರೂ 720 × 720 ಪಿಕ್ಸೆಲ್ ಇದ್ದರೆ ಒಳ್ಳೆಯದು. ಈಗಿನ ಫೋನ್‌ಗಳಿಗೆ ಇದು ಲೆಕ್ಕಕ್ಕೇ ಇಲ್ಲ, ದೊಡ್ಡ ಫೋಟೊ ಇದ್ದರೆ ಸ್ವಲ್ಪ ಚಿಕ್ಕದು ಮಾಡಿಕೊಂಡರಾಯಿತು.

ಬೆಳಕು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಫೋಟೊ ಕೆಟ್ಟಿತು ಅಂತ ಫೋನಿಗೆ ಬೈಯುವವರೇ ಜಾಸ್ತಿ. ಹತ್ತರಲ್ಲಿ ಎಂಟು ಸಲ ತಪ್ಪು ಬೆಳಕಿನದ್ದು.

ಅಂಗಡಿಯ ಒಳಗಡೆ ಟ್ಯೂಬ್‌ಲೈಟ್ ಬೆಳ್ಳಗೆ ಉರಿಯುತ್ತದೆ, ದೇವರ ಪಟದ ಹತ್ತಿರ ಹಳದಿ ಬಲ್ಬು, ಬಾಗಿಲಿನಿಂದ ಬಿಸಿಲು. ಮೂರೂ ಒಂದೇ ವಸ್ತುವಿನ ಮೇಲೆ ಬಿದ್ದರೆ ಫೋನಿಗೆ ಯಾವುದು ಸರಿ ಅಂತ ತಿಳಿಯುವುದಿಲ್ಲ. ಒಂದು ಕಡೆ ನೀಲಿ, ಒಂದು ಕಡೆ ಹಳದಿ ಬರುತ್ತದೆ. ಆದ್ದರಿಂದ ಒಂದೇ ಬೆಳಕು ಇಟ್ಟುಕೊಳ್ಳಿ. ಹಗಲಾದರೆ ಲೈಟೆಲ್ಲ ಆರಿಸಿ. ಸಾಮಾನನ್ನು ಬಾಗಿಲ ಹತ್ತಿರ ತನ್ನಿ, ಆದರೆ ನೇರ ಬಿಸಿಲು ಬೀಳದ ಜಾಗದಲ್ಲಿಡಿ. ಬೆಳಕು ಒಂದು ಪಕ್ಕದಿಂದ ಬರಲಿ. ಇನ್ನೊಂದು ಪಕ್ಕಕ್ಕೆ ಆ ಬಿಳಿ ಥರ್ಮಕೋಲ್ ನಿಲ್ಲಿಸಿ, ಕಪ್ಪು ನೆರಳು ತಿಳಿಯಾಗುತ್ತದೆ. ಹಂಚಿನ ಮನೆಯಲ್ಲಿ ಅಂಗಡಿ ಇದ್ದು ಮೇಲೆ ಗಾಜಿನ ಹಂಚು ಕೂರಿಸಿದ್ದರೆ ನೀವು ಅದೃಷ್ಟವಂತರು. ಅದರ ಕೆಳಗೆ ಬೀಳುವ ಬೆಳಕಿಗೆ ಯಾವ ಸ್ಟುಡಿಯೊ ಲೈಟೂ ಸಮ ಬರುವುದಿಲ್ಲ.

ಹೊರಗೆ ತೆಗೆಯುವುದಾದರೆ ಬೆಳಿಗ್ಗೆ ಒಂಬತ್ತರ ಒಳಗೆ, ಇಲ್ಲವೇ ಸಂಜೆ ನಾಲ್ಕರ ಮೇಲೆ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿ ಬಣ್ಣ ಪೂರ್ತಿ ಸುಟ್ಟ ಹಾಗೆ ಬರುತ್ತದೆ, ನೆರಳು ಕಪ್ಪಾಗುತ್ತದೆ. ಮೋಡ ಕವಿದ ಆಷಾಢದ ದಿನಗಳು ಫೋಟೊಗೆ ಬಹಳ ಒಳ್ಳೆಯವು. ಬೆಳಕು ಎಲ್ಲ ಕಡೆಗೂ ಮೆತ್ತಗೆ ಬೀಳುತ್ತದೆ. ಆಷಾಢದಲ್ಲಿ ವ್ಯಾಪಾರ ಹೇಗೂ ಸ್ವಲ್ಪ ಕಡಿಮೆ, ಮುಂದಿನ ಹಬ್ಬಗಳ ಫೋಟೊ ತೆಗೆದಿಟ್ಟುಕೊಳ್ಳಲು ಆ ಬಿಡುವು ಬಳಸಿಕೊಳ್ಳಿ.

ಒಂದೊಂದು ಸಾಮಾನಿಗೂ ಬೆಳಕಿನ ಲೆಕ್ಕ ಬೇರೆ. ಮೈಸೂರು ಪಾಕಿನ ಒಳಗಿನ ಸಣ್ಣ ಸಣ್ಣ ತೂತು ಕಾಣಬೇಕಾದರೆ ಬೆಳಕು ಪಕ್ಕದಿಂದ, ತಗ್ಗಿನಲ್ಲಿ ಬರಬೇಕು. ಮೇಲಿನಿಂದ ಬಂದರೆ ಅದು ಬರೀ ಹಳದಿ ಇಟ್ಟಿಗೆ. ರೇಷ್ಮೆ ಸೀರೆಯ ಹೊಳಪೂ ಪಕ್ಕದ ಬೆಳಕಿನಲ್ಲೇ ಕಾಣುವುದು. ಸೀರೆಯನ್ನು ಚಪ್ಪಟೆಯಾಗಿ ಹಾಸುವ ಬದಲು ಒಂದು ಮಡಿಕೆ ಎತ್ತಿ ಬಿಡಿ, ಮಡಿಕೆಯ ತುದಿಯಲ್ಲಿ ಬೆಳಕು ಓಡುತ್ತದೆ. ಬಿಸಿ ಇಡ್ಲಿ, ಮುದ್ದೆ, ಫಿಲ್ಟರ್ ಕಾಫಿಯ ಹಬೆ ಕಾಣಬೇಕಾದರೆ ಹಿಂದೆ ಕಪ್ಪಾದ ಗೋಡೆ ಇರಬೇಕು, ಬೆಳಕು ಹಿಂದಿನಿಂದ ಸ್ವಲ್ಪ ಓರೆಯಾಗಿ ಬರಬೇಕು. ದೋಸೆಗೆ ಕಾಯಬೇಡಿ. ತಟ್ಟೆಗೆ ಬಿದ್ದ ಒಂದೆರಡು ನಿಮಿಷದಲ್ಲಿ ಗರಿ ಹೋಗುತ್ತದೆ, ಬೆಣ್ಣೆ ಕರಗಿ ಇಳಿಯುತ್ತದೆ. ಮೊದಲು ಖಾಲಿ ತಟ್ಟೆ ಇಟ್ಟು ಜಾಗ, ಬೆಳಕು, ಚಟ್ನಿ ಬಟ್ಟಲು ಎಲ್ಲ ಸರಿ ಮಾಡಿಕೊಂಡು, ಆಮೇಲೆ ದೋಸೆ ಹುಯ್ಯಲು ಹೇಳಿ.

ಬಣ್ಣದಲ್ಲಿ ಮೋಸ ಬೇಡ

ಫಿಲ್ಟರ್ ಹಾಕಿದರೆ ಎಲ್ಲವೂ ಮಿನುಗುತ್ತದೆ. ವ್ಯಾಪಾರದ ಫೋಟೊಗೆ ಅದು ಕೂಡದು. ಸೀರೆ ಅಂಗಡಿಯವರಿಗೆ ಇದು ಚೆನ್ನಾಗಿ ಗೊತ್ತು. ಫೋಟೊದಲ್ಲಿ ಕಂಡ ರಾಮಾ ಗ್ರೀನ್ ಕೈಗೆ ಬಂದಾಗ ಬೇರೆ ಹಸಿರಾಗಿದ್ದರೆ ಸೀರೆ ವಾಪಸ್ ಬರುತ್ತದೆ, ಕೊರಿಯರ್ ದುಡ್ಡು ಹೋಗುತ್ತದೆ, ಗಿರಾಕಿಯೂ ಹೋಗುತ್ತಾರೆ. ಸೀರೆಯ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗೆಯಿರಿ. ಫೋಟೊದಲ್ಲಿ ಕಾಗದ ಬಿಳಿಯಾಗಿಯೇ ಕಂಡರೆ ಸೀರೆಯ ಬಣ್ಣವೂ ಹೆಚ್ಚುಕಡಿಮೆ ಸರಿ ಇದೆ ಅಂತ ಅರ್ಥ. ಕಾಗದ ಹಳದಿ ಕಂಡರೆ ಎಡಿಟ್‌ನಲ್ಲಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ತಿದ್ದುವ ಆಯ್ಕೆ) ಸರಿ ಮಾಡಿ, ಆಮೇಲೆ ಕಾಗದ ಕತ್ತರಿಸಿ ತೆಗೆಯಿರಿ.

ಬೆಲ್ಲದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಏನೂ ಬೆರೆಸದ ಬೆಲ್ಲ ಕಂದು, ಕೆಲವೊಮ್ಮೆ ಕಪ್ಪಿಗೇ ಹತ್ತಿರ. ಅದನ್ನು ಫೋಟೊದಲ್ಲಿ ಚಿನ್ನದ ಬಣ್ಣಕ್ಕೆ ತಂದರೆ ನಿಮ್ಮ ಬೆಲ್ಲದ ಒಳ್ಳೆಯ ಗುಣವನ್ನೇ ನೀವು ಮುಚ್ಚಿಟ್ಟ ಹಾಗೆ. ಕಪ್ಪಗಿದ್ದರೆ ಕಪ್ಪಗೇ ತೋರಿಸಿ. ಯಾಕೆ ಕಪ್ಪು ಅಂತ ಕೆಳಗೆ ಎರಡು ಸಾಲು ಬರೆಯಿರಿ. ಒಂದು ಅಚ್ಚು ಒಡೆದು ಒಳಭಾಗವನ್ನೂ ತೋರಿಸಿ.

ಫೋನ್ ಹಿಡಿಯುವುದು

ಲೆನ್ಸ್ ಒರೆಸಿ. ಅಡುಗೆಮನೆಯಲ್ಲಿ ಇರುವ ಫೋನಿಗೆ ಎಣ್ಣೆ ಪಸೆ ಅಂಟಿಯೇ ಇರುತ್ತದೆ, ಫೋಟೊ ಮಂಜಾಗಲು ಅದೇ ಕಾರಣ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆ ಆನ್ ಮಾಡಿ, ಟೇಬಲ್ ಅಂಚು ಓರೆಯಾಗುವುದು ತಪ್ಪುತ್ತದೆ. ಬೆರಳಿನಿಂದ ಜೂಮ್ ಮಾಡುವ ಬದಲು ಹತ್ತಿರ ಹೋಗಿ. ವಸ್ತುವಿನ ಮೇಲೆ ಬೆರಳನ್ನು ಒತ್ತಿ ಹಿಡಿದರೆ ಫೋಕಸ್, ಬೆಳಕು ಎರಡೂ ಅಲ್ಲಿಗೇ ನಿಲ್ಲುತ್ತವೆ. ಒಂದೇ ಸಾಮಾನನ್ನು ಅಡ್ಡ, ಉದ್ದ ಎರಡೂ ರೀತಿ ತೆಗೆದಿಡಿ.

ಹಿನ್ನೆಲೆ ಖಾಲಿ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಅಷ್ಟು ಹೇಳುವುದಿಲ್ಲ. ಕ್ಯಾಲೆಂಡರ್, ನೀರಿನ ಕ್ಯಾನ್, ನೇತುಹಾಕಿದ ಅಂಗಿ ಇವು ಬೇಡ. ಆದರೆ ಹೊಲಿಗೆ ಮೆಷಿನ್, ಒಲೆ, ಉಳಿ, ಮರದ ಹೊಟ್ಟು ಇದ್ದರೆ ಇರಲಿ. ಇಲ್ಲಿ ನಿಜವಾಗಿ ಕೆಲಸ ನಡೆಯುತ್ತದೆ ಅಂತ ನೋಡಿದವರಿಗೆ ಹೇಳುವುದು ಅವೇ.

ಕೆಲಸದ ವಿಡಿಯೊ

ಫೋಟೊ ವಸ್ತುವನ್ನು ತೋರಿಸುತ್ತದೆ, ವಿಡಿಯೊ ಕೆಲಸವನ್ನು ತೋರಿಸುತ್ತದೆ. ದೊಡ್ಡ ಕಂಪನಿಗಳ ಹತ್ತಿರ ಜಾಹೀರಾತಿಗೆ ದುಡ್ಡಿದೆ. ನಿಮ್ಮ ಹತ್ತಿರ ಕೈಕೆಲಸ ಇದೆ, ಅದೇ ನಿಮ್ಮ ದೊಡ್ಡ ಬಲ. ಅದನ್ನು ತೋರಿಸಲು ನಾಚಿಕೊಳ್ಳಬೇಡಿ.

ಆಲೆಮನೆಯ ಒಂದು ವಿಡಿಯೊ ಹೇಗೆ ತೆಗೆಯಬಹುದು ನೋಡಿ. ಒಂದೇ ಓಟದಲ್ಲಿ ಎಲ್ಲ ತೆಗೆಯಲು ಹೋಗಬೇಡಿ. ಚಿಕ್ಕ ಚಿಕ್ಕ ತುಣುಕು ತೆಗೆದು ಆಮೇಲೆ ಜೋಡಿಸಿ. ಕಬ್ಬು ಇಳಿಸುವ ಗಾಡಿ ದೂರದಿಂದ. ಗಾಣಕ್ಕೆ ಕಬ್ಬು ಕೊಡುವ ಕೈ. ಕಬ್ಬಿನ ಹಾಲು ಬೀಳುವುದು ತೀರಾ ಹತ್ತಿರದಿಂದ. ಕೊಪ್ಪರಿಗೆಯಲ್ಲಿ ಕುದಿಯುವ ನೊರೆ. ಮೇಲೆ ಬಂದ ಕಲ್ಮಶ ತೆಗೆಯುವುದು. ಪಾಕ ಹದಕ್ಕೆ ಬಂದಿದೆಯಾ ಅಂತ ನೀರಿಗೆ ಹಾಕಿ ನೋಡುವುದು. ಅಚ್ಚಿಗೆ ಹೊಯ್ಯುವುದು. ಅಚ್ಚಿನಿಂದ ಕಳಚಿದ ಬೆಲ್ಲ ಒಂದು ಕೈಯಲ್ಲಿ. ಒಂದೊಂದೂ ಐದಾರು ಸೆಕೆಂಡ್ ಅಲುಗಾಡದೆ ತೆಗೆಯಿರಿ, ಜೋಡಿಸುವಾಗ ಎರಡು ಮೂರು ಸೆಕೆಂಡ್ ಉಳಿಸಿಕೊಂಡರೆ ಒಟ್ಟು ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಕಲ್ಮಶ ತೆಗೆಯುವ ತುಣುಕು ಬಿಡಬೇಡಿ. ಕೊಳೆ ಕಾಣುತ್ತದೆ ಅಂತ ಹಲವರು ಅದನ್ನು ಕತ್ತರಿಸುತ್ತಾರೆ. ಗಿರಾಕಿಗೆ ಧೈರ್ಯ ಬರುವುದೇ ಅದನ್ನು ನೋಡಿದಾಗ. ಬಕೆಟ್ ಬೆಲ್ಲ, ಕುರಿಕಾಲು ಅಚ್ಚು ಅಂತ ನಮ್ಮಲ್ಲಿ ಬೇರೆ ಬೇರೆ ಆಕಾರಗಳಿವೆ. ಊರಿನವರಿಗೆ ಗೊತ್ತು, ಬೆಂಗಳೂರಿನ ಗಿರಾಕಿಗೆ ಗೊತ್ತಿಲ್ಲ. ಅವುಗಳನ್ನು ಸಾಲಾಗಿ ಇಟ್ಟು, ಹೆಸರು, ತೂಕ ಹೇಳುವ ಇನ್ನೊಂದು ವಿಡಿಯೊ ಆಗುತ್ತದೆ.

ಕುದಿಯುವ ಕೊಪ್ಪರಿಗೆ, ತಿರುಗುವ ಗಾಣದ ಹತ್ತಿರ ಫೋನ್ ಹಿಡಿದು ಬಾಗಬೇಡಿ. ದೂರ ನಿಂತು 2ಎಕ್ಸ್ ಲೆನ್ಸ್ ಬಳಸಿ.

ಮೊದಲ ಎರಡು ಸೆಕೆಂಡ್ ಬಹಳ ಮುಖ್ಯ. ಅಂಗಡಿ ಹೆಸರಿನ ಲೋಗೊ ತಿರುಗುವುದರಿಂದ ಶುರು ಮಾಡಿದರೆ ಜನ ಮುಂದಕ್ಕೆ ತಳ್ಳಿಬಿಡುತ್ತಾರೆ. ಬೆಲ್ಲ ಅಚ್ಚಿಗೆ ಬೀಳುವುದನ್ನೇ ಮೊದಲು ಹಾಕಿ, ಆಮೇಲೆ ಹಿಂದಿನದ್ದಕ್ಕೆ ಹೋಗಿ.

ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಕೆಳಗೆ ವಿಡಿಯೊ ತೆಗೆದರೆ ಪರದೆ ಮೇಲೆ ಕಪ್ಪು ಪಟ್ಟೆಗಳು ಓಡುವುದನ್ನು ನೋಡಿರುತ್ತೀರಿ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಇಂಥ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಫೋನಿನಲ್ಲಿ ಪ್ರೊ ವಿಡಿಯೊ ಮೋಡ್ ಇದ್ದರೆ ಕ್ಯಾಮೆರಾದ ಶಟರ್ ಸ್ಪೀಡನ್ನು 1/50 ಅಥವಾ 1/100 ಸೆಕೆಂಡಿಗೆ ಇಡಿ. ಬಹುತೇಕ ಪಟ್ಟೆ ಹೋಗುತ್ತದೆ. ಅಂಥ ಮೋಡ್ ಇಲ್ಲದಿದ್ದರೆ ಹಗಲು ಬೆಳಕಿನಲ್ಲೇ ತೆಗೆಯಿರಿ.

ಇನ್ನು ದನಿ. ಮಾತಾಡುವಾಗ ಫ್ಯಾನ್ ಆರಿಸಿ, ಅಂಗಡಿಯ ಶಟರ್ ಅರ್ಧ ಇಳಿಸಿ. ವೈರ್ ಇರುವ ಹಳೆಯ ಇಯರ್‌ಫೋನಿನ ಮೈಕ್ ಎದೆಯ ಹತ್ತಿರ ಇದ್ದರೆ ದೂರದ ಫೋನಿನ ಮೈಕಿಗಿಂತ ಎಷ್ಟೋ ಚೆನ್ನಾಗಿ ಕೇಳುತ್ತದೆ. ಕೆಲಸದ ಸದ್ದುಗಳನ್ನು ಮುಚ್ಚಬೇಡಿ. ಕಾವಲಿ ಮೇಲೆ ಹಿಟ್ಟು ಬಿದ್ದಾಗ ಬರುವ ಸುಂಯ್, ಮೆಷಿನ್ ಓಡುವ ಸದ್ದು, ಇವೇ ಅರ್ಧ ವ್ಯಾಪಾರ ಮಾಡುತ್ತವೆ.

ಮಾತು ನಿಮ್ಮ ಊರಿನದ್ದೇ ಇರಲಿ. ಟಿವಿ ಜಾಹೀರಾತಿನ ಹಾಗೆ ‘ಇಂದೇ ಭೇಟಿ ನೀಡಿ’ ಅನ್ನುವುದಕ್ಕಿಂತ ‘ಬನ್ನಿ ಸಾರ್, ಒಂದ್ಸಲ ರುಚಿ ನೋಡಿ, ಆಮೇಲ್ ತಗೊಳ್ಳಿ’ ಅನ್ನುವ ಮಂಡ್ಯದ ಮಾತಿಗೆ ಜನ ನಿಂತು ಕೇಳುತ್ತಾರೆ. ಕ್ಯಾಮೆರಾ ಮುಂದೆ ಮಾತು ಬರದಿದ್ದರೆ ಬಿಡಿ. ಕೈ ಮಾತ್ರ ತೋರಿಸಿ ಹಿಂದಿನಿಂದ ಮಾತಾಡಿ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಚೆನ್ನಾಗಿ ಮಾತಾಡುವವರಿದ್ದರೆ ಅವರನ್ನು ಒಪ್ಪಿಸಿ.

ಜೋಡಿಸುವುದು, ಬರೆಯುವುದು

ಎಡಿಟ್ ಮಾಡಲು ಇನ್‌ಶಾಟ್, ಯೂಟ್ಯೂಬ್ ಕ್ರಿಯೇಟ್, ಇನ್‌ಸ್ಟಾಗ್ರಾಮ್‌ನವರ ಎಡಿಟ್ಸ್, ಇವುಗಳಲ್ಲಿ ಯಾವುದಾದರೂ ಸಾಕು. ರೀಲ್ಸ್, ಶಾರ್ಟ್ಸ್, ಸ್ಟೇಟಸ್ ಎಲ್ಲಕ್ಕೂ ಉದ್ದಕ್ಕೆ, 9:16 ಅಳತೆಯಲ್ಲಿ ಮಾಡಿ. ಅಕ್ಷರಗಳನ್ನು ತೀರಾ ಕೆಳಗೆ ಹಾಕಬೇಡಿ, ಅಲ್ಲಿ ಇನ್‌ಸ್ಟಾಗ್ರಾಮ್‌ನ ಹೆಸರು, ಬಟನ್ ಬಂದು ಮುಚ್ಚುತ್ತವೆ. ಎಷ್ಟೋ ಜನ ಸದ್ದು ಆರಿಸಿಯೇ ನೋಡುತ್ತಾರೆ. ಆದ್ದರಿಂದ ವಸ್ತುವಿನ ಹೆಸರು, ಬೆಲೆ, ಊರು, ಈ ಮೂರು ಪರದೆ ಮೇಲೆ ಕನ್ನಡದಲ್ಲಿ ಬರಲಿ. ಅಪ್‌ಲೋಡ್ ಮಾಡುವ ಮೊದಲು ಒತ್ತಕ್ಷರಗಳು ಒಡೆದಿವೆಯಾ ನೋಡಿ. ಕೆಲವು ಫಾಂಟ್‌ಗಳಲ್ಲಿ ‘ಮೈಸೂರು’ ಸರಿ ಬರುತ್ತದೆ, ‘ಮಂಡ್ಯ’ ಹಾಳಾಗುತ್ತದೆ.

ಬೆಲೆ ಬರೆಯಿರಿ ಅಂದಾಗ ಬಹಳ ಜನ ಹಿಂಜರಿಯುತ್ತಾರೆ. ‘ಬೆಲೆಗೆ ಮೆಸೇಜ್ ಮಾಡಿ’ ಅಂತ ಹಾಕಿದರೆ ಕೆಲವರು ಮಾಡುತ್ತಾರೆ, ಉಳಿದವರು ದುಬಾರಿ ಇರಬೇಕು ಅಂದುಕೊಂಡು ಮುಂದೆ ಹೋಗುತ್ತಾರೆ. ಅಳತೆ, ಕೆಲಸದ ಮೇಲೆ ಬೆಲೆ ಬದಲಾಗುವುದಾದರೆ ‘ಇಷ್ಟರಿಂದ ಶುರು’ ಅಂತಾದರೂ ಹಾಕಿ.

ಹಾಡಿನ ವಿಷಯದಲ್ಲಿ ಎಚ್ಚರ. ಇನ್‌ಸ್ಟಾಗ್ರಾಮ್‌ನಲ್ಲಿ ಬಿಸಿನೆಸ್ ಖಾತೆಗಳಿಗೆ ಸಿನಿಮಾ ಹಾಡುಗಳು ಹಲವು ಸಲ ಸಿಗುವುದೇ ಇಲ್ಲ, ಯಾಕೆಂದರೆ ವ್ಯಾಪಾರಕ್ಕೆ ಬಳಸಲು ಬೇರೆ ಪರವಾನಗಿ ಬೇಕು. ಹೊರಗಿನಿಂದ ಹಾಡು ಸೇರಿಸಿ ಹಾಕಿದರೆ ವಿಡಿಯೊದ ಸದ್ದು ಹೋಗಬಹುದು, ವಿಡಿಯೊವೇ ಹೋಗಬಹುದು. ಮೆಟಾ ಸೌಂಡ್ ಕಲೆಕ್ಷನ್, ಯೂಟ್ಯೂಬ್ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತ ಇದೆ. ಕಾವಲಿಯ ಸುಂಯ್ ಇದ್ದರೆ ಸಂಗೀತವೂ ಬೇಕಿಲ್ಲ.

ಯಾವುದು ಎಲ್ಲಿಗೆ

ಸಣ್ಣ ವ್ಯಾಪಾರದ ನಿಜವಾದ ಮಾತುಕತೆ ನಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ವಾಟ್ಸ್‌ಆ್ಯಪ್ ಬಿಸಿನೆಸ್ ಉಚಿತ ಆ್ಯಪ್. ಅದರ ಕ್ಯಾಟಲಾಗ್‌ನಲ್ಲಿ 500 ಸಾಮಾನುಗಳವರೆಗೆ ಹಾಕಬಹುದು, ಒಂದೊಂದಕ್ಕೆ 10 ಫೋಟೊ. ಅಷ್ಟೆಲ್ಲ ಬೇಡ. ಜಾಸ್ತಿ ಹೋಗುವ ಹತ್ತು ಸಾಮಾನು ಹಾಕಿ: ಮುಂದಿನಿಂದ, ಹತ್ತಿರದಿಂದ, ಕೈಯಲ್ಲಿ ಹಿಡಿದು, ಪ್ಯಾಕಿಂಗ್ ಹೇಗಿರುತ್ತದೆ ಅಂತ. ಯಾರಾದರೂ ‘ಏನೇನಿದೆ?’ ಅಂದರೆ ಲಿಂಕ್ ಕಳಿಸಿದರಾಯಿತು.

ಬ್ರಾಡ್‌ಕಾಸ್ಟ್ ಮಾಡುವವರು, ಅಂದರೆ ಒಂದೇ ಮೆಸೇಜನ್ನು ಒಟ್ಟಿಗೆ ಹಲವರಿಗೆ ಕಳಿಸುವವರು ನೆನಪಿಡಿ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಬಿಲ್ ಕೊಡುವಾಗಲೇ ‘ನಂಬರ್ ಸೇವ್ ಮಾಡ್ಕೊಳ್ಳಿ, ಹೊಸ ಮಾಲು ಬಂದಾಗ ತಿಳಿಸ್ತೀವಿ’ ಅಂತ ಕೇಳಿ. ಕೇಳದೆ ನೂರಾರು ಜನಕ್ಕೆ ದಿನಾ ಫೋಟೊ ಸುರಿದರೆ ಬ್ಲಾಕ್ ಮಾಡುತ್ತಾರೆ, ನ್ಯಾಯವೂ ಅದೇ. ಸ್ಟೇಟಸ್ ಬೇಕಾದವರು ನೋಡುತ್ತಾರೆ, 24 ಗಂಟೆಗೆ ಹೋಗುತ್ತದೆ. ಹಾಗಾಗಿ ಇವತ್ತಿನ ಊಟ, ಇವತ್ತು ಬಂದ ಹೂ, ಈ ವಾರದ ರಜೆ ಇಂಥದ್ದಕ್ಕೆ ಅದು ಸರಿ. ಮೆಸ್ ನಡೆಸುವವರು ಬೆಳಿಗ್ಗೆ ಹನ್ನೊಂದಕ್ಕೆ ಆ ದಿನದ ಸಾರು, ಪಲ್ಯದ ಫೋಟೊ ಹಾಕಿದರೆ ಮಧ್ಯಾಹ್ನದ ಊಟ ಎಲ್ಲಿ ಅಂತ ಯೋಚಿಸುವವರಿಗೆ ಸಮಯಕ್ಕೆ ಸಿಗುತ್ತದೆ.

ಇನ್‌ಸ್ಟಾಗ್ರಾಮ್, ಯೂಟ್ಯೂಬ್ ನಿಮ್ಮನ್ನು ಗೊತ್ತಿಲ್ಲದವರ ಮುಂದೆ ನಿಲ್ಲಿಸುತ್ತವೆ. ವಾರಕ್ಕೆ ಒಂದು ಒಳ್ಳೆಯ ವಿಡಿಯೊ ಹಾಕಿ ಸಾಕು. ದುಡ್ಡು ಕೊಟ್ಟು ಬೂಸ್ಟ್ ಮಾಡುವುದಾದರೆ ತಾನಾಗಿ ಜನ ಮೆಚ್ಚಿ ಹಂಚಿಕೊಂಡ ವಿಡಿಯೊಗೆ ಮಾತ್ರ ಹಾಕಿ, ಊರನ್ನು ನಿಮ್ಮ ಸುತ್ತಮುತ್ತಲಿಗೆ ಸೀಮಿತ ಮಾಡಿ. ಇಡೀ ದೇಶಕ್ಕೆ ತೋರಿಸಿ ಲೈಕ್ ತಗೊಂಡರೆ ಸರಸ್ವತಿಪುರಂನ ಟೈಲರ್ ಅಂಗಡಿಗೆ ಏನು ಬಂತು?

ಹಬ್ಬಕ್ಕೆ ಮುಂಚೆ

ನಮ್ಮ ಕಡೆ ವ್ಯಾಪಾರ ಹಬ್ಬದ ಹಿಂದೆ ನಡೆಯುತ್ತದೆ. ಹಬ್ಬದ ದಿನ ಫೋಟೊ ಹಾಕಿದರೆ ತಡವಾಯಿತು. ಸಂಕ್ರಾಂತಿಯ ಸಕ್ಕರೆ ಅಚ್ಚು, ಎಳ್ಳು ಬೆಲ್ಲದ ಫೋಟೊ ಡಿಸೆಂಬರ್‌ನಲ್ಲೇ ಹೊರಗೆ ಬರಬೇಕು. ಬ್ಲೌಸ್ ಹೊಲಿಯುವವರು ವರಮಹಾಲಕ್ಷ್ಮಿ, ಗೌರಿ ಹಬ್ಬಕ್ಕೆ ಆರ್ಡರ್ ಯಾವ ತಾರೀಕಿಗೆ ನಿಲ್ಲಿಸುತ್ತೀರಿ ಅಂತ ಒಂದು ಪೋಸ್ಟ್ ಮಾಡಿ. ಕೊನೆ ದಿನದ ಜಗಳ ಅರ್ಧ ಕಡಿಮೆಯಾಗುತ್ತದೆ. ಮೇಲುಕೋಟೆಯಲ್ಲಿ ಪುಳಿಯೋಗರೆ ಗೊಜ್ಜು ಮಾರುವವರಿಗೆ ವೈರಮುಡಿ ಉತ್ಸವಕ್ಕೆ ಮುಂಚಿನ ವಾರಗಳು ಬಹಳ ಬೆಲೆಯವು. ದಸರಾಗೆ ಒಂದು ತಿಂಗಳು ಮೊದಲೇ ಗೂಗಲ್ ಪ್ರೊಫೈಲ್‌ನಲ್ಲಿ ಹೊಸ ಫೋಟೊ, ರಜೆ ದಿನಗಳ ಸಮಯ ಎರಡನ್ನೂ ಸರಿ ಮಾಡಿಡಿ. ಹೊರಗಿನಿಂದ ಬಂದವರು ಮ್ಯಾಪ್ ನೋಡಿಕೊಂಡೇ ಓಡಾಡುತ್ತಾರೆ. ಗೊಂಬೆ ಮಾರುವವರು ಒಂದೊಂದು ಗೊಂಬೆಯ ಫೋಟೊ ಜೊತೆಗೆ ಮೆಟ್ಟಿಲು ಮೆಟ್ಟಿಲಾಗಿ ಕೂರಿಸಿದ ಪೂರ್ತಿ ಫೋಟೊ ಕೂಡ ಹಾಕಿ, ಕೊಳ್ಳುವವರಿಗೆ ತಮ್ಮ ಮನೆಯಲ್ಲಿ ಹೇಗೆ ಕಾಣಬಹುದು ಅಂತ ತಿಳಿಯುತ್ತದೆ.

ಒಪ್ಪಿಗೆ ಮತ್ತು ಸತ್ಯ

ಗಿರಾಕಿಯ ಮುಖ ಕಾಣುವ ಫೋಟೊ ಹಾಕುವ ಮೊದಲು ಕೇಳಿ. ‘ತೆಗೀಬಹುದಾ?’ ಅಂತ ಒಮ್ಮೆ, ‘ಇನ್‌ಸ್ಟಾಗ್ರಾಮ್‌ಗೆ ಹಾಕಬಹುದಾ?’ ಅಂತ ಇನ್ನೊಮ್ಮೆ. ಎರಡೂ ಬೇರೆ ಪ್ರಶ್ನೆಗಳು. ಮಕ್ಕಳಾದರೆ ಅಪ್ಪ ಅಮ್ಮನನ್ನು ಕೇಳಿ. ನಿಮ್ಮಲ್ಲಿ ಕೆಲಸ ಮಾಡುವವರನ್ನೂ ಕೇಳಬೇಕು, ಸಂಬಳ ಕೊಡುತ್ತೇವೆ ಅಂದ ಮಾತ್ರಕ್ಕೆ ಅವರ ಮುಖ ನಮ್ಮದಾಗುವುದಿಲ್ಲ. ಬ್ಲೌಸ್ ತೋರಿಸಲು ಗೊಂಬೆಯ ಮೇಲೆ ಹಾಕಿ ತೆಗೆದರೆ ಸಾಕು.

ಇಂಟರ್ನೆಟ್‌ನಿಂದ ಬೇರೆಯವರ ಫೋಟೊ ತೆಗೆದು ಹಾಕಬೇಡಿ. ಎಐನಿಂದ ಮಾಡಿದ ತಿಂಡಿ, ಸೀರೆಯ ಚಿತ್ರವೂ ಬೇಡ. ನೀವು ಮಾರುವುದು ಅದನ್ನಲ್ಲವಲ್ಲ. ‘ಮೈಸೂರು ಸಿಲ್ಕ್’ ಅನ್ನುವ ಹೆಸರಿಗೆ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇದೆ, ಅಂದರೆ ಆ ಹೆಸರಿಗೆ ಕಾನೂನಿನ ರಕ್ಷಣೆ ಇದೆ. ಅದು ಇರುವುದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಹೆಸರಿನಲ್ಲಿ, ಅದರ ಮೈಸೂರಿನ ಕಾರ್ಖಾನೆ 1912ರಲ್ಲಿ ಶುರುವಾದದ್ದು. ಬೇರೆ ಕ್ರೇಪ್ ಸಿಲ್ಕ್ ಸೀರೆಯ ಫೋಟೊ ಕೆಳಗೆ ಆ ಹೆಸರು ಬರೆಯಬೇಡಿ. ‘ಕ್ರೇಪ್ ಸಿಲ್ಕ್’ ಅಂತಲೇ ಬರೆಯಿರಿ. ಬೆಲ್ಲದವರು ‘ಶುಗರ್ ಇರುವವರೂ ಧಾರಾಳವಾಗಿ ತಿನ್ನಬಹುದು’ ಅಂತ ವಿಡಿಯೊದಲ್ಲಿ ಹೇಳುವುದನ್ನು ದಯವಿಟ್ಟು ನಿಲ್ಲಿಸಬೇಕು. ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ಯಾರೋ ನಂಬಿ ತಿಂದು ಆಸ್ಪತ್ರೆ ಸೇರಿದರೆ ಆ ಪಾಪ ಯಾರಿಗೆ? ಕಾನೂನೂ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪ್ಯಾಕ್ ಮಾಡಿದ ತಿನಿಸಿನ ಫೋಟೊದಲ್ಲಿ ಲೇಬಲ್ ಮೇಲಿನ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಪರವಾನಗಿ) ನಂಬರ್, ತಯಾರಾದ ದಿನ ಓದುವಂತೆ ಕಾಣಲಿ. ಅದು ನಂಬಿಕೆ ತರುತ್ತದೆ.

ರಿವ್ಯೂ ಬರೆದರೆ ಡಿಸ್ಕೌಂಟ್ ಕೊಡುತ್ತೇವೆ ಅನ್ನುವುದಕ್ಕೆ ಗೂಗಲ್‌ನಲ್ಲಿ ಅವಕಾಶವಿಲ್ಲ. ಖುಷಿಯಾಗಿ ಹೋಗುವ ಗಿರಾಕಿಗೆ ‘ಒಂದು ಫೋಟೊ ಹಾಕಿ, ಅನಿಸಿದ್ದು ಬರೀರಿ’ ಅಂತ ಕೇಳಿದರೆ ತಪ್ಪಿಲ್ಲ.

ಕೆಲಸ ಆಯಿತಾ ಅಂತ ನೋಡುವುದು

ಲೈಕ್ ಎಣಿಸಬೇಡಿ. ಹೊಸದಾಗಿ ಬಂದವರನ್ನು ‘ನಮ್ಮನ್ನ ಎಲ್ಲಿ ನೋಡಿದ್ರಿ?’ ಅಂತ ಕೇಳಿ, ಅದೇ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಬರೆಯಿರಿ: ಮ್ಯಾಪ್, ಸ್ಟೇಟಸ್, ರೀಲ್ಸ್, ಯಾರೋ ಹೇಳಿದ್ದು. ಗೂಗಲ್ ಪ್ರೊಫೈಲ್‌ನಲ್ಲಿ ಎಷ್ಟು ಜನ ಫೋನ್ ಬಟನ್ ಒತ್ತಿದರು, ಎಷ್ಟು ಜನ ದಾರಿ ಕೇಳಿದರು ಅಂತ ಲೆಕ್ಕ ಸಿಗುತ್ತದೆ, ತಿಂಗಳಿಗೊಮ್ಮೆ ನೋಡಿ. ಮೊದಲು ದಿನಾ ಬರುತ್ತಿದ್ದ ‘ಅಂಗಡಿ ಎಲ್ಲಿ ಬರುತ್ತೆ?’ ಅನ್ನುವ ಫೋನ್ ಕಡಿಮೆಯಾಗಿದ್ದರೆ ದಾರಿ ವಿಡಿಯೊ ಕೆಲಸ ಮಾಡಿದೆ. ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದ್ದರೆ ಆ ಫೋಟೊ ಸರಿಯಿಲ್ಲ ಅಥವಾ ಜನರ ಕಣ್ಣಿಗೆ ಬೀಳದ ಜಾಗದಲ್ಲಿದೆ. ಅದೊಂದನ್ನು ಮಾತ್ರ ಮತ್ತೆ ತೆಗೆಯಿರಿ.

ಬೆಲೆ ಬದಲಾದ ದಿನವೇ ಹಳೆಯ ಬೆಲೆಯ ಫೋಟೊಗಳನ್ನು ಕ್ಯಾಟಲಾಗ್‌ನಿಂದ, ಗೂಗಲ್‌ನಿಂದ ತೆಗೆದುಬಿಡಿ. ಮೆನು ಕಾರ್ಡಿನ ಹಳೆಯ ಫೋಟೊವನ್ನು ಗಿರಾಕಿಗಳೇ ಹಾಕಿದ್ದರೆ ಅದನ್ನು ನೀವು ಅಳಿಸಲು ಆಗುವುದಿಲ್ಲ. ಹೊಸ ಮೆನುವಿನ ಫೋಟೊ ಸೇರಿಸಿ, ಅದರ ಮೇಲೆ ತಿಂಗಳು, ವರ್ಷ ದೊಡ್ಡದಾಗಿ ಬರೆದಿರಲಿ.